ಅಮ್ಮನ ಮಂಡಿ ಆಪರೇಷನ್‌ಗೆ ಮೂರು ಆಸ್ಪತ್ರೆ ನೋಡಿದೀವಿ, ಯಾವುದು ಸೇಫ್ ಅಂತ ಹೆಂಗೆ ಕಂಡುಹಿಡಿಯೋದು?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ಮಮ್ಮನಿಗೆ 66 ವರ್ಷ, ಎರಡೂ ಮಂಡಿ ಸವೆದು ಹೋಗಿದೆ, ಈಗ ಬಚ್ಚಲಿಗೆ ಹೋಗೋಕೂ ಗೋಡೆ ಹಿಡ್ಕೊಂಡೇ ಹೋಗ್ಬೇಕು. 12 ವರ್ಷದಿಂದ ಶುಗರ್ ಇದೆ, ಬಿಪಿಗೂ ಮಾತ್ರೆ ನಡೀತಿದೆ. ಮೊದಲು ಬಲಗಾಲು ಮಾಡಿಸಿ, ಎಡಗಾಲು ಆಮೇಲೆ ನೋಡೋಣ ಅಂದಿದಾರೆ ಡಾಕ್ಟ್ರು.

ನಮ್ಮ ಮುಂದೆ ಇರೋದು ಮೂರು ಜಾಗ. ಒಂದು ಇಲ್ಲೇ ದಾವಣಗೆರೆಯಲ್ಲಿ, ಅಮ್ಮನ್ನ ಆರು ವರ್ಷದಿಂದ ನೋಡ್ತಿರೋ ಮೂಳೆ ಡಾಕ್ಟ್ರ ಸಣ್ಣ ಆಸ್ಪತ್ರೆ. ಎರಡನೇದು ಬೆಂಗಳೂರಲ್ಲಿ ದೊಡ್ಡ ಕಾರ್ಪೊರೇಟ್, ರೋಬೋಟ್‌ನಲ್ಲಿ ಮಾಡ್ತೀವಿ ಅಂತ ಫ್ಲೈಓವರ್ ಪಕ್ಕ ಹೋರ್ಡಿಂಗ್ ಹಾಕಿದಾರಲ್ಲ ಅಂಥದ್ದು. ಮೂರನೇದೂ ಬೆಂಗಳೂರೇ, ಮಧ್ಯಮ ಸೈಜು, ನನ್ನ ಭಾವ ಹೇಳಿದ್ದು. ಹೆಸರು ಹಾಕಲ್ಲ, ಆಮೇಲೆ ಇಲ್ಲಿ ಜಗಳ ಶುರುವಾಗುತ್ತೆ.

ಗೂಗಲ್ ರೇಟಿಂಗ್ ನೋಡಿದೆ. ಕಾರ್ಪೊರೇಟ್‌ದು 4.9, ಆದ್ರೆ ರಿವ್ಯೂ ಓದ್ತಾ ಹೋದ್ರೆ ಎಲ್ಲಾ ಒಂದೇ ವಾರದಲ್ಲಿ ಬಂದಿರೋದು, ಎಲ್ಲರೂ ಅದೇ ಇಬ್ಬರು ಸಿಸ್ಟರ್ ಹೆಸರು ಬರೆದು ಹೊಗಳಿದಾರೆ. ದಾವಣಗೆರೆದು 4.3, ಕೆಟ್ಟ ರಿವ್ಯೂ ಅರ್ಧಕ್ಕರ್ಧ ಪಾರ್ಕಿಂಗ್ ಬಗ್ಗೆ. ಇದನ್ನ ಇಟ್ಕೊಂಡು ಅಮ್ಮನ ಕಾಲು ಯಾರ ಕೈಗೆ ಕೊಡ್ಲಿ ಹೇಳಿ? ಫ್ರಿಜ್ ತಗೊಳ್ಳೋಕೆ ಹೋದ್ರೆ ಸ್ಟಾರ್ ಅಂಟಿಸಿರ್ತಾರೆ, ಎಷ್ಟು ಯೂನಿಟ್ ತಿನ್ನುತ್ತೆ ಅಂತ ಬರೆದಿರ್ತಾರೆ. ಆಸ್ಪತ್ರೆಗೆ ಅಂಥದ್ದು ಏನೂ ಇಲ್ವಾ?

ಭಯ ಯಾಕೆ ಅಂದ್ರೆ ನಮ್ಮ ಚಿಕ್ಕಪ್ಪಂಗೆ ಒಂದು ಕಡೆ ಹರ್ನಿಯಾ ಆಪರೇಷನ್ ಆಗಿ ಕೀವು ತುಂಬ್ಕೊಂಡು ಎರಡು ತಿಂಗಳು ದಿನಾ ಡ್ರೆಸ್ಸಿಂಗ್‌ಗೆ ಓಡಾಡಿದ್ವಿ. ಮಂಡಿಯಲ್ಲಿ ಹಂಗಾದ್ರೆ ಒಳಗಿರೋ ಇಂಪ್ಲಾಂಟೇ ತೆಗೀಬೇಕಾಗುತ್ತಂತೆ. ಗೊತ್ತಿರೋರು ದಯವಿಟ್ಟು ಹೇಳಿ.

ಕೋಟೆಹಾಳ್_ಹುಡುಗ

ನಮ್ಮ ಮಾವನ ಸೂತ್ರ: ಯಾವ ಆಸ್ಪತ್ರೆ ಕ್ಯಾಂಟೀನಲ್ಲಿ ಡಾಕ್ಟ್ರುಗಳೇ ಕೂತು ಊಟ ಮಾಡ್ತಾರೋ ಅಲ್ಲಿಗೆ ಹೋಗು. ತಮಾಷೆಗೆ ಹೇಳಿದೆ, ಆದ್ರೆ ಅವರ ಬೈಪಾಸ್ ಚೆನ್ನಾಗೇ ಆಯ್ತು 😀

ಕಡಲತಡಿ

ನಾನು ನರ್ಸ್, ಇನ್ಫೆಕ್ಷನ್ ಕಂಟ್ರೋಲಲ್ಲಿ 9 ವರ್ಷ ಇದ್ದೆ, ಮೊದಲು ಮಂಗಳೂರು ಆಮೇಲೆ ಬೆಂಗಳೂರು. ನೀವು ಸ್ಟಾರ್ ಕೇಳಿದ್ದಕ್ಕೆ ಉತ್ತರ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಎಂತ ನೋಡ್ಬೇಕು ಅಂತ ಹೇಳ್ತೇನೆ. ಲಾಬಿಯ ಗ್ರಾನೈಟ್ ನೋಡ್ಬೇಡಿ ಮಾರಾಯ್ರೆ. ವಿಸಿಟಿಂಗ್ ಟೈಮಲ್ಲಿ ಸರ್ಜರಿ ವಾರ್ಡಿಗೆ ಹೋಗಿ, ಯಾರದ್ದಾದ್ರೂ ಪರಿಚಯ ಹಿಡಿದು ಅರ್ಧ ಗಂಟೆ ಸುಮ್ಮನೆ ಕೂತ್ಕೊಳ್ಳಿ.

ಮಂಚದ ಬುಡದಲ್ಲಿ ಕೈಗೆ ಹಚ್ಚುವ ಹ್ಯಾಂಡ್‌ರಬ್ ಬಾಟಲಿ ಉಂಟಾ ನೋಡಿ. ಎಲ್ಲಾ ಕಡೆ ಇರ್ತದೆ. ಒಮ್ಮೆ ಒತ್ತಿ ನೋಡಿ. ಬಾಯಿ ಒಣಗಿ ಗಟ್ಟಿ ಆಗಿದ್ರೆ ಅದನ್ನು ಯಾರೂ ಮುಟ್ಟುದಿಲ್ಲ ಅಂತ ಲೆಕ್ಕ. ನಾವು ತಿಂಗಳ ಕೊನೆಗೆ ಯಾವ ವಾರ್ಡಲ್ಲಿ ಎಷ್ಟು ಬಾಟಲಿ ಖಾಲಿ ಆಯ್ತು ಅಂತ ಲೆಕ್ಕ ಹಾಕ್ತಿದ್ದೆವು, ಕೈ ತೊಳೀರಿ ಅಂತ ಗೋಡೆಗೆ ಅಂಟಿಸಿದ ಪೋಸ್ಟರಿಗಿಂತ ಅದು ಸತ್ಯ ಹೇಳ್ತದೆ. ಕೈಗೆ ಹಾಕಿದ ಡ್ರಿಪ್ ಸೂಜಿಯ ಪ್ಲಾಸ್ಟರ್ ಮೇಲೆ ಹಾಕಿದ ತಾರೀಕು ಬರ್ದಿದ್ದಾರಾ ನೋಡಿ.

ಇನ್ನೊಂದು, ಮಾತ್ರೆ ಕೊಡ್ಲಿಕ್ಕೆ ಬಂದ ಸಿಸ್ಟರ್ ಹೇಗೆ ಮಾತಾಡ್ತಾರೆ ಕೇಳಿ. "ಲಕ್ಷ್ಮಮ್ಮನಾ?" ಅಂತ ಕೇಳಿದ್ರೆ ನಿದ್ದೆಗಣ್ಣಲ್ಲಿ ಇದ್ದ ಅಜ್ಜಿ ಹ್ಞೂಂ ಅಂತಾರೆ, ಅವರು ಸರೋಜಮ್ಮ ಆಗಿದ್ರೂ ಹ್ಞೂಂ ಅಂತಾರೆ. "ನಿಮ್ಮ ಹೆಸರು ಎಂತಮ್ಮ?" ಅಂತ ಕೇಳಿ, ಕೈಪಟ್ಟಿಯ ನಂಬರ್ ನೋಡಿ ಮಾತ್ರೆ ಕೊಡ್ಬೇಕು. ಒಂದೇ ವಾರ್ಡಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದು, ಒಬ್ಬರ ಶುಗರ್ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಗ್ಲಿಕ್ಕೆ ಕೂದಲೆಳೆ ಬಾಕಿ ಇದ್ದದ್ದು ನಾನೇ ನೋಡಿದ್ದೇನೆ. ಎಲ್ಲಿ ಅಂತ ಹೇಳುದಿಲ್ಲ.

ಈಗ ಕೀವಿನ ವಿಷಯ. ಮೂರು ಕಡೆಯೂ ಇದನ್ನೇ ಕೇಳಿ: ಹೋದ ವರ್ಷ ಎಷ್ಟು ಮಂಡಿ ಮಾಡಿದ್ರಿ, ಅದರಲ್ಲಿ ಎಷ್ಟು ಇನ್ಫೆಕ್ಷನ್ ಆಯ್ತು, ಮತ್ತೆ ಎಷ್ಟು ದಿನದವರೆಗೆ ಲೆಕ್ಕ ಇಡ್ತೀರಿ? ಮೂರನೇದು ಬಹಳ ಮುಖ್ಯ. ಪೇಷೆಂಟ್ ನಾಲ್ಕನೇ ದಿನ ಮನೆಗೆ ಹೋಗ್ತಾರೆ, ಗಾಯ ಕೆಂಪಾಗುದು ಮೂರನೇ ವಾರಕ್ಕೆ. ಡಿಸ್ಚಾರ್ಜ್ ಆಗುವವರೆಗೆ ಮಾತ್ರ ಲೆಕ್ಕ ಇಟ್ರೆ ಯಾವ ಆಸ್ಪತ್ರೆಯದ್ದೂ ಸೊನ್ನೆಯೇ. ಇಂಪ್ಲಾಂಟ್ ಹಾಕಿದ ಕೇಸಿಗೆ 90 ದಿನ ಫೋನ್ ಮಾಡಿ ವಿಚಾರಿಸ್ಬೇಕು. ಒಳ್ಳೆ ಕಡೆಯೂ ನೂರಕ್ಕೆ ಒಂದೆರಡು ಆಗ್ತದೆ. "ನಮ್ಮಲ್ಲಿ ಝೀರೋ ಮೇಡಂ" ಅಂತ ನಗುತ್ತಾ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಅವರು ಎಣಿಸ್ಲೇ ಇಲ್ಲ.

ಕಾಲಿನ ಕೂದಲು ತೆಗೀಲಿಕ್ಕೆ ಬ್ಲೇಡ್ ಬಳಸ್ತಾರಾ ಅಂತ ಸಹ ಕೇಳಿ. ಬ್ಲೇಡಲ್ಲಿ ಕಣ್ಣಿಗೆ ಕಾಣದ ಗೀರು ಬೀಳ್ತದೆ, ಅಲ್ಲಿ ಕ್ರಿಮಿ ಕೂರ್ತದೆ. ತೆಗೀಲೇಬೇಕು ಅಂತಿದ್ರೆ ಕ್ಲಿಪ್ಪರ್ ಮಾತ್ರ ಅಂತ ಡಬ್ಲ್ಯುಎಚ್‌ಒ 2016ರಲ್ಲೇ ಹೇಳಿ ಆಗಿದೆ. ಹಾಗೆಯೇ ಆಂಟಿಬಯಾಟಿಕ್ ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯ ಒಳಗೆ ಹೋಗ್ಬೇಕು (ಒಂದೆರಡು ಔಷಧಿಗೆ ಬೇರೆ ಟೈಮ್ ಉಂಟು), ಬೆಳಿಗ್ಗೆ ಆರಕ್ಕೆ ವಾರ್ಡಲ್ಲಿ ಚುಚ್ಚಿ ಹನ್ನೊಂದಕ್ಕೆ ಓಟಿಗೆ ಕರ್ಕೊಂಡು ಹೋದ್ರೆ ಪ್ರಯೋಜನ ಇಲ್ಲ. ಬ್ರೋಷರಲ್ಲಿ "ಲ್ಯಾಮಿನಾರ್ ಫ್ಲೋ ಓಟಿ" (ಸೋಸಿದ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಆಪರೇಷನ್ ಕೋಣೆ) ಅಂತ ದೊಡ್ಡದಾಗಿ ಹಾಕಿರ್ತಾರಲ್ಲ, ಅದೇ 2016ರ ಪುಸ್ತಕದಲ್ಲಿ ಇನ್ಫೆಕ್ಷನ್ ಕಡಿಮೆ ಮಾಡ್ಲಿಕ್ಕೆ ಅಂತ ಅದನ್ನು ಹಾಕುದು ಬೇಡ ಅಂದಿದ್ದಾರೆ. ಕೋಟಿ ರೂಪಾಯಿಯ ಗಾಳಿಗಿಂತ ಹತ್ತು ರೂಪಾಯಿಯ ಕೈ ತೊಳೆಯುದು ದೊಡ್ಡದು, ಆದ್ರೆ ಅದರ ಹೋರ್ಡಿಂಗ್ ಹಾಕ್ಲಿಕ್ಕೆ ಆಗುದಿಲ್ಲ ನೋಡಿ.

ಅಮ್ಮನ HbA1c (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) ಎಷ್ಟುಂಟು? ಯಾವ ಆಸ್ಪತ್ರೆಯೂ ನಿಮ್ಮ ಹತ್ರ ಅದನ್ನು ಕೇಳ್ಲಿಲ್ವಾ?

ಧಾರವಾಡದಾಂವ

ಅಕ್ಕಾರು ಭಾಳ ಚಲೋ ಹೇಳ್ಯಾರ. ನಾ ಸ್ವಲ್ಪ ಸರ್ಟಿಫಿಕೇಟ್ ಕಥಿ ಹೇಳ್ತೀನಿ, ಯಾಕಂದ್ರ ಹಿಂದ ಒಂದ್ ಆಸ್ಪತ್ರಿ ಕ್ವಾಲಿಟಿ ಡಿಪಾರ್ಟ್‌ಮೆಂಟ್‌ನ್ಯಾಗ ಎರಡ ವರ್ಷ ಇದ್ದೆ.

ಸ್ಟಾರ್ ಬೇಕಂತ ಕೇಳೀರಲ್ಲ, ನಮ್ಮ ದೇಶದಾಗ ಅದರ ಹತ್ರ ಹತ್ರ ಬರೂದಂದ್ರ ಎನ್‌ಎಬಿಎಚ್. ಆಸ್ಪತ್ರಿ ಗುಣಮಟ್ಟ ನೋಡಿ ಸರ್ಟಿಫಿಕೇಟ್ ಕೊಡೂ ಮಂಡಳಿ ಅದು, ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗ ಬರತೈತಿ. 2020ರಾಗ ಬಂದ 5ನೇ ಆವೃತ್ತಿ ಒಳಗ 10 ಅಧ್ಯಾಯ, 100 ಸ್ಟ್ಯಾಂಡರ್ಡ್, ಅದರಾಗ 651 ಅಂಶ ಇದ್ವು. ಕೇಳಾಕ ಭಾರೀ ಅನಸ್ತೈತಿ. ಆದ್ರ ಎರಡ ವಿಷಯ ತಲ್ಯಾಗ ಇಟ್ಕೋರಿ. ಒಂದು, ಪೂರ್ತಿ ಅಕ್ರೆಡಿಟೇಷನ್ ಬ್ಯಾರೆ, ಎಂಟ್ರಿ ಲೆವೆಲ್ ಸರ್ಟಿಫಿಕೇಟ್ ಬ್ಯಾರೆ. ಬೋರ್ಡಿನ ಮ್ಯಾಲೆ ಎರಡಕ್ಕೂ "ಎನ್‌ಎಬಿಎಚ್" ಅಂತ ದಪ್ಪ ಅಕ್ಷರದಾಗ ಬರೀತಾರ, ಉಳಿದದ್ದು ಇರುವಿ ಸೈಜಿನ್ಯಾಗ. ಅವರ ವೆಬ್‌ಸೈಟ್‌ನ್ಯಾಗ ಆಸ್ಪತ್ರಿ ಹೆಸರು ಹಾಕಿ ಹುಡುಕಿದ್ರ ಯಾವುದು ಐತಿ, ಅವಧಿ ಮುಗದೈತೋ ಇಲ್ಲೋ ಗೊತ್ತಾಗ್ತೈತಿ. ಐದ ನಿಮಿಷದ ಕೆಲಸ, ಯಾರೂ ಮಾಡಂಗಿಲ್ಲ. ಜೆಸಿಐ ಅಂತನೂ ಒಂದ್ ಐತಿ, ಅದು ಅಮೆರಿಕಾದವರದ್ದು, 2005ರಾಗ ದಿಲ್ಲಿ ಅಪೋಲೋಕ್ಕ ಮೊದಲ ಸಿಕ್ತು, ಆಮ್ಯಾಲೆ ಬೆಂಗಳೂರಿನ ದೊಡ್ಡವ್ರೂ ತಗೊಂಡ್ರು. ಲ್ಯಾಬಿಗೆ ಎನ್‌ಎಬಿಎಲ್, ಅದನ್ನ ತೋರ್ಸಿ ಆಸ್ಪತ್ರೀನ ಪಾಸ್ ಆಗೇತಿ ಅನ್ನೋರೂ ಅದಾರ.

ಎರಡನೇದು, ಕಾಗದ. ತಪಾಸಣಿ ಮಾಡೂ ಅಸೆಸರ್ ಬರ್ತಾರ ಅಂದ್ರ ಹಿಂದಿನ ರಾತ್ರಿ ನಾವ ಮೂರ ತಿಂಗಳ ರಿಜಿಸ್ಟರ್ ಒಂದ ಕೂಡ್ರಿಕ್ಯಾಗ ತುಂಬೀವಿ. ಒಂದ ಪೆನ್ನು, ಒಂದ ಕೈಬರಹ, ಎಲ್ಲಾ ದಿನಾನೂ ಫ್ರಿಜ್ ಟೆಂಪರೇಚರ್ 4 ಡಿಗ್ರಿ. ಅಸೆಸರ್ ಬಾಯಿಯವ್ರು ಒಂದ ಸಲ ಹಾಳಿ ತಿರುವಿ ನಕ್ಕರು, "ಈ ಫ್ರಿಜ್ ಎಲ್ಲಿ ಸಿಗ್ತದ, ನನಗೂ ಒಂದ ಬೇಕು" ಅಂದ್ರು. ನೆಲಕ್ಕ ಇಳದ ಹೋಗೂವಂಗಾತು. ಆದ್ರ ಖರೇ ಹೇಳಬೇಕಂದ್ರ ಆ ವರ್ಷಾನ ನಮ್ಮಲ್ಲಿ ಪೇಷೆಂಟ್ ಬಿದ್ದದ್ದು, ತಪ್ಪ ಔಷಧಿ ಹೋದದ್ದು ಬರ್ಕೊಳ್ಳಾಕ ಶುರು ಮಾಡಿದ್ದು. ಅದಕ್ಕೂ ಮೊದಲ ಬರಿಯೂ ಪದ್ಧತೀನ ಇರಲಿಲ್ಲ. ಹಂಗಾಗಿ ಸರ್ಟಿಫಿಕೇಟ್ ಇಲ್ಲದವರಕಿಂತ ಇದ್ದವರ ವಾಸಿ, ಅಷ್ಟ. ಇಬ್ಬರ ಹತ್ರನೂ ಇದ್ರ ಅದರಿಂದ ಏನೂ ತೀರ್ಮಾನ ಆಗಂಗಿಲ್ಲ.

ಸರ್ಕಾರಿ ಆಸ್ಪತ್ರೀನೂ ಬಿಡಬ್ಯಾಡ್ರಿ. ಅವಕ್ಕ ಎನ್‌ಕ್ಯೂಎಎಸ್ ಅಂತ ಬ್ಯಾರೆ ಸರ್ಟಿಫಿಕೇಟ್ ಐತಿ, ಸ್ವಚ್ಛತಾಕ್ಕ ಕಾಯಕಲ್ಪ. ಬೆಂಗಳೂರಾಗ ಮೂಳೀಗಂತನ ಸಂಜಯ್ ಗಾಂಧಿ ಆಸ್ಪತ್ರಿ ಐತಿ, ಒಂದ ಸಲ ವಿಚಾರ್ಸ್ರಿ. ಮತ್ತ ಎಲ್ಲೇ ಮಾಡಿಸ್ರಿ, ಇಂಪ್ಲಾಂಟ್ ಡಬ್ಬಿ ಮ್ಯಾಲಿನ ಸ್ಟಿಕ್ಕರ್ ಕೇಸ್ ಶೀಟಿನ್ಯಾಗ ಅಂಟಿಸ್ಯಾರೇನು ನೋಡಿ ಫೋಟೋ ತಕ್ಕೋರಿ. ಬ್ಯಾಚ್ ನಂಬರ್ ಅದರಾಗ ಇರ್ತೈತಿ, ನಾಳೆ ಕಂಪನಿಯವ್ರ ಆ ಮಾಲ್ ವಾಪಸ್ ತಗೊಂಡ್ರ ನಿಮ್ಮ ಅವ್ವಾರಿಗೆ ಹಾಕಿದ್ದು ಅದೋ ಅಲ್ಲೋ ಗೊತ್ತಾಗಬೇಕಲ್ಲ. 2017ರ ಆಗಸ್ಟ್‌ನ್ಯಾಗ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿಗೆ ರೇಟ್ ಮಿತಿ ಹಾಕೈತಿ, ಬಿಲ್ಲಿನ್ಯಾಗ ಇಂಪ್ಲಾಂಟ್ ರೊಕ್ಕ ಬ್ಯಾರೆ ಸಾಲಿನ್ಯಾಗ ತೋರ್ಸ್ರಿ ಅಂತ ಕೇಳ್ರಿ.

ಲೆಸ್ಟರ್_ಕನ್ನಡಿಗ

ನೀವು ಕೇಳಿದ ಸ್ಟಾರ್ ಥರದ್ದು ನಾನಿರೋ ಇಂಗ್ಲೆಂಡಲ್ಲಿ ಇದೆ, ಆದ್ರೆ ಇಲ್ಲೂ ಕಥೆ ಅಷ್ಟು ಸಲೀಸಿಲ್ಲ. ಸಿಕ್ಯೂಸಿ ಅಂತ ಒಂದು ಸಂಸ್ಥೆ ಆಸ್ಪತ್ರೆಗಳನ್ನ ತಪಾಸಣೆ ಮಾಡಿ ನಾಲ್ಕು ದರ್ಜೆ ಕೊಡುತ್ತೆ, ಅತ್ಯುತ್ತಮದಿಂದ ಹಿಡಿದು "ಸಾಲದು" ಅನ್ನೋವರೆಗೆ. ಅದಕ್ಕಿಂತ ಉಪಯೋಗ ಆಗೋದು ನ್ಯಾಷನಲ್ ಜಾಯಿಂಟ್ ರಿಜಿಸ್ಟ್ರಿ. 2003ರಿಂದ ಇಲ್ಲಿ ಹಾಕೋ ಸೊಂಟ, ಮಂಡಿ ಇಂಪ್ಲಾಂಟ್‌ಗಳನ್ನ ದಾಖಲು ಮಾಡ್ತಾ ಬಂದಿದಾರೆ, ಯಾವ ಆಸ್ಪತ್ರೆಯಲ್ಲಿ ಮಾಡಿದ್ದನ್ನ ಮತ್ತೆ ಬಿಚ್ಚಿ ಮಾಡ್ಬೇಕಾಯ್ತು ಅನ್ನೋದನ್ನ ಮನೇಲಿ ಕೂತು ನೋಡ್ಬಹುದು. ಇಷ್ಟೆಲ್ಲಾ ಇದ್ರೂ ನಮ್ಮತ್ತೆ ಸರದಿ ಕಾದು ಕಾದು ಸಾಕಾಗಿ ಮೈಸೂರಿಗೆ ಹೋಗಿ ಮಾಡಿಸ್ಕೊಂಡು ಬಂದ್ರು, ಅದು ಬೇರೆ ವಿಷಯ.

ಅಂಕಿ ಸಿಕ್ಕಿದ್ರೂ ಓದೋದು ಕಷ್ಟ. ನ್ಯೂಯಾರ್ಕ್ ರಾಜ್ಯದಲ್ಲಿ 90ರ ದಶಕದಲ್ಲಿ ಬೈಪಾಸ್ ಮಾಡೋ ಸರ್ಜನ್‌ಗಳ ಸಾವಿನ ಲೆಕ್ಕ ಹೆಸರು ಸಮೇತ ಹೊರಗೆ ಹಾಕೋಕೆ ಶುರು ಮಾಡಿದ್ರು. ಸಾವು ಕಡಿಮೆ ಆಯ್ತು ಅಂತ ಒಂದು ಕಡೆ ಹೊಗಳಿಕೆ, ಇನ್ನೊಂದು ಕಡೆ ಕಷ್ಟದ ಪೇಷೆಂಟ್‌ಗಳನ್ನ ಸರ್ಜನ್‌ಗಳು ಮುಟ್ಟೋಕೇ ಹಿಂಜರೀತಾರೆ ಅನ್ನೋ ಗಲಾಟೆ. ಅದನ್ನ ನಿಮ್ಮ ವಿಷಯಕ್ಕೆ ಹಾಕಿ ನೋಡಿ: ನಿಮ್ಮ ಮೂರರಲ್ಲಿ ಒಂದು ಆಸ್ಪತ್ರೆ ಶುಗರ್ ಇರೋರನ್ನ ಬೇರೆ ಕಡೆ ಸಾಗಹಾಕಿ ಐವತ್ತು ವರ್ಷದ ಗಟ್ಟಿಮುಟ್ಟಾದವರನ್ನೇ ತಗೊಳ್ತಿದ್ರೆ ಅವರ ಇನ್ಫೆಕ್ಷನ್ ಲೆಕ್ಕ ಚಂದ ಕಾಣುತ್ತೆ. ಎಲ್ಲಾ ಕಡೆಯಿಂದ ಕೈಬಿಟ್ಟ ಕೇಸ್ ಬರೋ ಸರ್ಕಾರಿ ಆಸ್ಪತ್ರೆ ಲೆಕ್ಕ ಕೆಟ್ಟದಾಗಿ ಕಾಣುತ್ತೆ. ಅದಕ್ಕೆ "ಶುಗರ್ ಇರೋರಲ್ಲಿ ಎಷ್ಟು" ಅಂತಲೇ ಕೇಳಿ.

ಮತ್ತಿನ_ಮದ್ದು

ಅನಸ್ತೀಷಿಯಾ ಡಾಕ್ಟ್ರು ನಾನು, ಅಂದ್ರೆ ಆಪರೇಷನ್ ದಿನ ಐದು ನಿಮಿಷ ಮುಖ ತೋರಿಸಿ ಮಾಯ ಆಗೋ ಮನುಷ್ಯ, ನಮ್ಮ ಹೆಸರು ಪೇಷೆಂಟ್‌ಗೆ ಗೊತ್ತೇ ಇರಲ್ಲ. ಅದೇ ಮೊದಲ ತಪ್ಪು. ಆಪರೇಷನ್‌ಗೆ ಕೆಲವು ದಿನ ಮುಂಚೆನೇ ನಮ್ಮಂಥವರು ಅಮ್ಮನ್ನ ಕೂರಿಸಿ ನೋಡಿ ಮಾತಾಡ್ತಾರಾ ಅಂತ ಕೇಳಿ. ಓಟಿ ಬಾಗಿಲಲ್ಲಿ ಮೊದಲ ಸಲ ಭೇಟಿ ಅಂದ್ರೆ ಒಪ್ಕೋಬೇಡಿ.

ಆಮೇಲೆ ಚೆಕ್‌ಲಿಸ್ಟ್. ಡಬ್ಲ್ಯುಎಚ್‌ಒ 2008ರಲ್ಲಿ ಸರ್ಜರಿಗೆ ಅಂತ ಒಂದು ಹಾಳೆ ಮಾಡ್ತು, ಬರೀ 19 ಅಂಶ, ಮೂರು ಸಲ ನಿಲ್ಲಿಸಿ ಓದಬೇಕು: ಮತ್ತಿನ ಮದ್ದು ಕೊಡೋ ಮುಂಚೆ, ಕೊಯ್ಯೋ ಮುಂಚೆ, ಪೇಷೆಂಟ್ ಹೊರಗೆ ಹೋಗೋ ಮುಂಚೆ. ಎಂಟು ಊರಿನ ಎಂಟು ಆಸ್ಪತ್ರೆಯಲ್ಲಿ ನೋಡಿದ್ರು, ಅದರಲ್ಲಿ ದೆಹಲಿನೂ ಒಂದು. ಸಾವು ನೂರಕ್ಕೆ 1.5 ಇದ್ದಿದ್ದು 0.8ಕ್ಕೆ ಇಳೀತು, ತೊಂದರೆಗಳು 11ರಿಂದ 7ಕ್ಕೆ. ಹೊಸ ಮಷೀನ್ ಏನೂ ಇಲ್ಲ, ಎಲ್ಲರೂ ಒಂದು ನಿಮಿಷ ಕೈ ಕಟ್ಟಿ ನಿಂತು ಹೆಸರು, ಯಾವ ಕಾಲು, ಯಾವ ಅಲರ್ಜಿ ಅಂತ ಜೋರಾಗಿ ಹೇಳೋದು. ಈಗ ಹಾಳೆ ಎಲ್ಲಾ ಕಡೆ ಇದೆ, ಆದ್ರೆ ಕೇಸ್ ಮುಗಿದ ಮೇಲೆ ಸಾಲಾಗಿ ಟಿಕ್ ಹೊಡೆಯೋದನ್ನೂ ನೋಡಿದೀನಿ. ಹೊರಗಿನವರಿಗೆ ಇದು ಕಾಣಲ್ಲ, ಆದ್ರೆ ಒಂದು ಕಾಣುತ್ತೆ: ಅಮ್ಮ ಎಚ್ಚರ ಇರುವಾಗಲೇ, ಅವರ ಬಾಯಲ್ಲೇ ಯಾವ ಕಾಲು ಅಂತ ಹೇಳಿಸಿ, ಸರ್ಜನ್ ಮಾರ್ಕರ್ ಪೆನ್‌ನಲ್ಲಿ ಬಲಗಾಲ ಮೇಲೆ ಗುರುತು ಹಾಕಬೇಕು. ಹಾಕಿಲ್ಲ ಅಂದ್ರೆ ಸ್ಟ್ರೆಚರ್ ಕದಲೋಕೆ ಬಿಡಬೇಡಿ, ಜಗಳ ಆದ್ರೂ ಪರವಾಗಿಲ್ಲ.

ರೋಬೋಟ್ ಬಗ್ಗೆ ಕೇಳಿಲ್ಲ ಆದ್ರೂ ಹೇಳ್ತೀನಿ, ಅದು ಮೂಳೆ ಕತ್ತರಿಸೋ ಅಳತೆಗೆ ಸಹಾಯ ಮಾಡುತ್ತೆ, ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದ್ರೆ ಎದ್ದು ಬರಲ್ಲ. ನಾನು ನಮ್ಮನೆಯವರಿಗೆ ಆಸ್ಪತ್ರೆ ಹುಡುಕಿದ್ರೆ ಕೇಳೋದು ಒಂದೇ: ರಾತ್ರಿ ಈ ಬಿಲ್ಡಿಂಗ್‌ನಲ್ಲಿ ಯಾರಿರ್ತಾರೆ? ಡ್ಯೂಟಿ ಡಾಕ್ಟ್ರು ಎಂಬಿಬಿಎಸ್ ಮಾಡಿರೋರಾ, ಒಬ್ಬ ಸಿಸ್ಟರ್‌ಗೆ ಎಷ್ಟು ಪೇಷೆಂಟ್, ಐಸಿಯು ಇಲ್ಲೇ ಇದೆಯಾ ಇಲ್ಲ ಆಂಬ್ಯುಲೆನ್ಸ್ ಹತ್ತಬೇಕಾ, ಹತ್ತಬೇಕು ಅಂದ್ರೆ ಯಾವ ಆಸ್ಪತ್ರೆಗೆ, ಅವರ ಜೊತೆ ಮಾತಾಡಿಟ್ಟಿದಾರಾ. ಸಣ್ಣ ಆಸ್ಪತ್ರೆ ಅಂತ ತಳ್ಳಿಹಾಕಬೇಡಿ, ದಿನಾ ಮಂಡಿ ಮಾಡೋ ಕೈ ಇದ್ದು ಈ ಪ್ರಶ್ನೆಗಳಿಗೆ ಉತ್ತರ ಇದ್ರೆ ಮನೆ ಹತ್ರ ಇರೋದೇ ಲಾಭ. ಹೊಲಿಗೆ ಕೆಂಪಾಗಿದೆ ಅಂತ ದಾವಣಗೆರೆಯಿಂದ ಬೆಂಗಳೂರಿಗೆ ನಾಲ್ಕೈದು ಗಂಟೆ ಕಾರಲ್ಲಿ ಯಾರು ಹೋಗ್ತಾರೆ, "ನಾಳೆ ನೋಡೋಣ" ಅಂತ ನಾಲ್ಕು ದಿನ ಕಳೆದಿರುತ್ತೆ.

ಬೆಣ್ಣೆದೋಸೆ_ದಾವಣಗೆರೆ

ಹತ್ತು ದಿನ ಆಯ್ತು, ಮೂರೂ ಕಡೆ ಹೋಗಿ ಬಂದೆ, ಹೇಳಿಬಿಡ್ತೀನಿ.

ಕಾರ್ಪೊರೇಟ್‌ನಲ್ಲಿ ಕೋಟು ಹಾಕ್ಕೊಂಡ ಒಬ್ಬರು ಎಸಿ ರೂಮಲ್ಲಿ ಕೂರಿಸಿ ಕಾಫಿ ಕೊಟ್ರು, ಪ್ಯಾಕೇಜ್ ಫೈಲ್ ಕೊಟ್ರು. ಇನ್ಫೆಕ್ಷನ್ ಎಷ್ಟು ಅಂತ ಕೇಳಿದೆ, ಕಡಲತಡಿ ಅಕ್ಕ ಹೇಳಿದ ಹಂಗೇ ನಗುತ್ತಾ "ಝೀರೋ ಪರ್ಸೆಂಟ್ ಸರ್" ಅಂದ್ರು, ನಂಗೆ ನಗು ತಡಿಯೋಕಾಗ್ಲಿಲ್ಲ. ಸರ್ಜನ್ ಹತ್ರ ಮಾತಾಡ್ಬೇಕು ಅಂದ್ರೆ ಅಡ್ವಾನ್ಸ್ ಕಟ್ಟಿದ ಮೇಲಂತೆ.

ಭಾವ ಹೇಳಿದ ಆಸ್ಪತ್ರೆಯಲ್ಲಿ ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್‌ನೇ ಕರೆಸಿದ್ರು. ಅವರು ಒಂದು ನೋಟ್‌ಬುಕ್ ತಂದು, ಹೋದ ವರ್ಷ 212 ಮಂಡಿ, 3 ಇನ್ಫೆಕ್ಷನ್, ಅದರಲ್ಲಿ ಇಬ್ಬರಿಗೆ ಶುಗರ್ ಇತ್ತು, ಒಬ್ಬರಿಗೆ ಮತ್ತೆ ಆಪರೇಷನ್ ಆಯ್ತು ಅಂತ ಓದಿ ಹೇಳಿದ್ರು, ಮುಖ ಸ್ವಲ್ಪ ಸಪ್ಪೆ ಮಾಡ್ಕೊಂಡೇ. ಅಷ್ಟು ಕೇಳಿ ಭಯ ಆಗ್ಬೇಕಿತ್ತು, ಯಾಕೋ ಸಮಾಧಾನ ಆಯ್ತು. ಹ್ಯಾಂಡ್‌ರಬ್ ಒತ್ತಿದೆ, ಬಂತು.

ನಮ್ಮ ಊರಿನ ಡಾಕ್ಟ್ರಿಗೆ ರಾತ್ರಿ ಯಾರಿರ್ತಾರೆ ಅಂತ ಕೇಳೋಕೆ ನಾಲಿಗೆನೇ ಏಳ್ಲಿಲ್ಲ, ಆರು ವರ್ಷದ ಪರಿಚಯ. ಅಮ್ಮನೇ ಕೇಳಿಬಿಟ್ಲು. ಅವರು ಬೇಜಾರ್ ಮಾಡ್ಕೊಳ್ಳದೆ ಹೇಳಿದ್ರು, "ನನ್ನಲ್ಲಿ ಐಸಿಯು ಇಲ್ಲಮ್ಮ, ನಿನ್ನ ಶುಗರ್‌ಗೆ ನಾನಾದ್ರೆ ಬೆಂಗಳೂರಿಗೇ ಕಳಿಸ್ತೀನಿ, ಹೊಲಿಗೆ ಬಿಚ್ಚೋದು, ಡ್ರೆಸ್ಸಿಂಗ್, ಆಮೇಲಿನದೆಲ್ಲಾ ನಾನೇ ನೋಡ್ಕೊಳ್ತೀನಿ, ಆ ಸರ್ಜನ್‌ಗೆ ನನ್ನ ನಂಬರ್ ಕೊಡಿ" ಅಂತ. ಇಬ್ಬರೂ ಫೋನಲ್ಲಿ ಮಾತಾಡಿನೂ ಆಯ್ತು.

ಹಂಗಾಗಿ ಭಾವ ಹೇಳಿದ ಕಡೆನೇ ಫಿಕ್ಸ್, ಆದ್ರೆ ಈಗಲೇ ಅಲ್ಲ. HbA1c 9.1 ಬಂದಿದೆ. 8ರ ಕೆಳಗೆ ಇಳಿಸ್ಕೊಂಡು ಬನ್ನಿ, ಅಲ್ಲಿವರೆಗೆ ಡೇಟ್ ಕೊಡಲ್ಲ ಅಂದ್ರು. ಅಮ್ಮಂಗೆ ಸಿಟ್ಟು, "ಕಾಲಿಗೆ ಆಪರೇಷನ್ ಮಾಡಿ ಅಂದ್ರೆ ಊಟ ಬಿಡಿಸ್ತಾರೆ" ಅಂತ. ಮಂಡಕ್ಕಿ ಮಿರ್ಚಿಗೂ ಕಡಿವಾಣ ಬಿದ್ದಿದೆ.

ಕಡಲತಡಿ

ಡೇಟ್ ಕೊಡದೆ ವಾಪಸ್ ಕಳಿಸಿದ್ರಲ್ಲ, ಒಳ್ಳೆ ಜಾಗವೇ ಸಿಕ್ಕಿದೆ ನಿಮಗೆ. ಶುಗರ್ ಇಳಿಸ್ಲಿಕ್ಕೆ ಸಿಕ್ಕಿದ ಈ ಸಮಯ ಸುಮ್ಮನೆ ಬಿಡ್ಬೇಡಿ, ಅಮ್ಮನ ಹಲ್ಲು ಒಮ್ಮೆ ತೋರಿಸಿ. ಹುಳುಕು, ವಸಡಲ್ಲಿ ಕೀವು ಇದ್ರೆ ಮೊದಲೇ ಸರಿ ಮಾಡಿಸ್ಬೇಕು. ಮೂತ್ರ ಉರಿ ಇದ್ರೆ ಅದೂ. ಕಾಲ್ಬೆರಳ ಸಂದಿಯಲ್ಲಿ ಬಿರುಕು ಉಂಟಾ ನೋಡಿ.

ಬೆಣ್ಣೆದೋಸೆ_ದಾವಣಗೆರೆ

ಅಯ್ಯೋ ಒಂದು ದವಡೆ ಹಲ್ಲು ಎರಡು ವರ್ಷದಿಂದ ಜುಂ ಅಂತಿದೆ, ಲವಂಗ ಇಟ್ಕೊಂಡು ತಳ್ತಿದಾಳೆ. ನಾಡಿದ್ದೇ ಕರ್ಕೊಂಡು ಹೋಗ್ತೀನಿ ಅಕ್ಕ. ಅಲ್ಲೂ ಹ್ಯಾಂಡ್‌ರಬ್ ಒತ್ತಿ ನೋಡ್ತೀನಿ 😅